ಬೆಳಗಾವಿಗೆ ಹೊಸಬರು, ಅಪ್ಪನಿಗೆ ಲಕ್ವಾ: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು, ಮಹಾಂತೇಶ ನಗರದಿಂದ

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರು ಕಡೆಯವರು. ನಮ್ಮ ಮನೆಯವರಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು ಅಂತ ಎರಡು ತಿಂಗಳ ಹಿಂದೆ ಬೆಳಗಾವಿಗೆ ಬಂದೆವು. ಅಪ್ಪ, ಅವ್ವ ನಮ್ಮ ಜೊತೆಗೇ ಇದ್ದಾರೆ. ಅಪ್ಪನಿಗೆ 68. ಐದು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿವೆ. ಮಾತು ತೊದಲುತ್ತದೆ, ಆದರೆ ಎಲ್ಲವೂ ತಿಳಿಯುತ್ತದೆ. ಬಿಪಿಎಲ್ ಕಾರ್ಡ್ ಇನ್ನೂ ಊರಿನ ವಿಳಾಸದಲ್ಲೇ ಇದೆ. ಭತ್ತ ಮಾರಿದ ದುಡ್ಡು ಊರಿನ ಬ್ಯಾಂಕಿನಲ್ಲಿದೆ, ಅಪ್ಪನಿಗೆ ಸಹಿ ಮಾಡಲು ಬರುತ್ತಿಲ್ಲ, ತೆಗೆಯಲು ಆಗುತ್ತಿಲ್ಲ. ಇಲ್ಲಿ ಯಾರೂ ಗುರುತಿಲ್ಲ. ಮರಾಠಿ ಬರಲ್ಲ. ವ್ಯಾಯಾಮಕ್ಕೆ ಎಲ್ಲಿ ಕರೆದೊಯ್ಯಬೇಕು, ಸರಕಾರದಿಂದ ಏನಾದರೂ ಸಿಗುತ್ತದಾ, ಯಾವ ಕಚೇರಿಗೆ ಮೊದಲು ಹೋಗಬೇಕು? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ವಡಗಾವಿಯಿಂದ, ಒಬ್ಬ ಶಿಕ್ಷಕಿ

ತಂಗಿ, ನಮ್ಮ ಮಾವನವರಿಗೆ 2021ರಲ್ಲಿ ಇದೇ ಆಯಿತು. ಮೂರು ವರ್ಷ ನಾನೇ ನೋಡಿಕೊಂಡೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಸಮಾಧಾನದಿಂದ ಓದಿ.

ಮೊದಲು ಯಾವ ಕಚೇರಿಗೂ ಹೋಗಬೇಡಿ. ಮೊದಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಯಾರು ಅಂತ ಹುಡುಕಿ. ಆಶಾ ಅಂದರೆ ಹಳ್ಳಿಗೆ ಮಾತ್ರ, ಬಸುರಿ ಬಾಣಂತಿಯರಿಗೆ ಮಾತ್ರ ಅಂತ ನಾನೂ ತಿಳಿದಿದ್ದೆ. ಪಟ್ಟಣದಲ್ಲೂ ಇದ್ದಾರೆ. ಹತ್ತಿರದ ಅಂಗನವಾಡಿಯಲ್ಲಿ ಕೇಳಿ, ಇಲ್ಲವೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ನಂಬರು ಕೊಡುತ್ತಾರೆ. ನಾನು ಇದನ್ನು ತಿಳಿಯದೆ ಒಂದು ತಿಂಗಳು ಆರು ಬಾಗಿಲು ಅಲೆದೆ. ಶಾಲೆಗೆ ರಜೆ ಹಾಕಿ ಹಾಕಿ ಸಾಕಾಗಿತ್ತು. ಕೊನೆಗೆ ಆಶಾ ಅಕ್ಕ ಒಂದು ಮಧ್ಯಾಹ್ನ ಮನೆಗೆ ಬಂದು ಚಾ ಕುಡಿಯುತ್ತಾ ನಮ್ಮ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ, ಇದು ದವಾಖಾನೆಗೆ, ಇದು ತಹಶೀಲ್ದಾರ್ ಕಚೇರಿಗೆ, ಇದು ಈಗ ಬೇಡ ಅಂತ ವಿಂಗಡಿಸಿ ಕೊಟ್ಟರು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಮೊದಲೇ ಸಿಕ್ಕಿದ್ದರೆ ಎಂಥ ಉಪಕಾರ ಆಗುತ್ತಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಆ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಕೊಡುತ್ತಾರೆ. 2022ರ ಡಿಸೆಂಬರಿನಲ್ಲಿ ರಾಜ್ಯದ ಪಟ್ಟಣಗಳಲ್ಲಿ ಶುರುವಾದ ನಮ್ಮ ಕ್ಲಿನಿಕ್ ಹತ್ತಿರ ಇದ್ದರೆ ಅಲ್ಲೂ ಡಾಕ್ಟರ್ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಲಕ್ವಾ ಹೊಡೆದವರಿಗೆ ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ ಮತ್ತೆ ಹೊಡೆಯುವ ಅಪಾಯ ಜಾಸ್ತಿ. ಗುಳಿಗೆ ಒಂದು ದಿನವೂ ತಪ್ಪಬಾರದು. ನಮ್ಮ ಮಾವನವರು ಆರಾಮ ಆಯಿತು ಅಂತ ಹೇಳಿ ತಾವೇ ಬಿಟ್ಟಿದ್ದರು. ನಾನು ಗಮನಿಸಲಿಲ್ಲ. ಆ ತಪ್ಪು ನಿಮ್ಮಿಂದ ಆಗದಿರಲಿ.

ಇನ್ನು ಕಾಗದದ ಮಾತು. ಒಂದು ಪ್ಲಾಸ್ಟಿಕ್ ಫೈಲ್ ಮಾಡಿ. ಅಪ್ಪನ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ದವಾಖಾನೆಯ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ, ಎಲ್ಲದರದ್ದೂ ಮೂರು ಮೂರು ಝೆರಾಕ್ಸ್, ಆರು ಫೋಟೋ. ಮೂಲ ಪ್ರತಿ ತೋರಿಸಿ, ಆದರೆ ಯಾರಿಗೂ ಬಿಟ್ಟು ಬರಬೇಡಿ.

ಅಂಗವಿಕಲರ ಗುರುತಿನ ಕಾರ್ಡಿಗೆ ಯುಡಿಐಡಿ ಅನ್ನುತ್ತಾರೆ. ಅರ್ಜಿ ಆನ್‌ಲೈನ್. ಸೈಬರ್ ಅಂಗಡಿಯಲ್ಲಿ ಹಾಕಿಸಬಹುದು. ಆಮೇಲೆ ಜಿಲ್ಲಾ ಆಸ್ಪತ್ರೆ, ಅಂದರೆ ನಮ್ಮ ಬಿಮ್ಸ್‌ನಲ್ಲಿ ಡಾಕ್ಟರುಗಳ ಬೋರ್ಡು ನೋಡಿ ಶೇಕಡ ಎಷ್ಟು ಅಂತ ಬರೆಯುತ್ತದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೌಲಭ್ಯಗಳಿಗೆ ದಾರಿ ಆಗುತ್ತದೆ. ನಮಗೆ ಮೊದಲ ಸಲ ಹೋದಾಗ, ಆರು ತಿಂಗಳು ಕಳೆಯಲಿ, ಕೈಕಾಲು ಎಷ್ಟು ಸುಧಾರಿಸುತ್ತದೆ ನೋಡಿ ಬರೆಯುತ್ತೇವೆ ಅಂದರು. ನಿಮಗೆ ಐದು ತಿಂಗಳು ಆಗಿದೆ. ಈಗಲೇ ಅರ್ಜಿ ಹಾಕಿಟ್ಟರೆ ಹೊತ್ತಿಗೆ ಸರಿಯಾಗುತ್ತದೆ.

ಪಿಂಚಣಿ: 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ 1200 ರೂಪಾಯಿ. ಅಂಗವಿಕಲರ ಮಾಸಾಶನ ಬೇರೆ ಇದೆ. ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ. ಅಪ್ಪನಿಗೆ ಊರಿನಲ್ಲೇ ಸಂಧ್ಯಾ ಸುರಕ್ಷಾ ಬರುತ್ತಿದೆಯಾ ಅಂತ ಮೊದಲು ಪಾಸ್‌ಬುಕ್ ನೋಡಿ. ಬೋರ್ಡು ಶೇಕಡಾವಾರು ಬರೆದ ಮೇಲೆ ಯಾವುದು ಹೆಚ್ಚು ಅಂತ ಕೇಳಿ ನಿರ್ಧಾರ ಮಾಡಿ. ಈ ಕೆಲಸ ನಾಡಕಚೇರಿಯದ್ದು, ರಿಸಾಲ್ದಾರ್ ಗಲ್ಲಿಯ ತಹಶೀಲ್ದಾರ್ ಕಚೇರಿಗೆ ಹೋಗಬೇಕು.

ಒಂದು ಕಹಿ ಅನುಭವ ಹೇಳುತ್ತೇನೆ. ಒಂದು ಕಚೇರಿಯ ಹೊರಗೆ ಕೂತಿದ್ದ ಏಜೆಂಟನ ಮಾತು ನಂಬಿ 1500 ರೂಪಾಯಿ ಕೊಟ್ಟೆ. ಎರಡು ತಿಂಗಳು ಏನೂ ಆಗಲಿಲ್ಲ. ಅರ್ಜಿಯನ್ನೇ ಹಾಕಿರಲಿಲ್ಲ! ಆಮೇಲೆ ನಾನೇ ಹೋಗಿ ಕೌಂಟರಿನಲ್ಲಿ ಅರ್ಜಿ ಕೊಟ್ಟು ಸಕಾಲ ರಸೀದಿ ಕೇಳಿ ಪಡೆದೆ. ಅದರ ಮೇಲೆ 15 ಅಂಕಿಯ ನಂಬರು ಇರುತ್ತದೆ, ಎಷ್ಟು ದಿನದೊಳಗೆ ಆಗಬೇಕು ಅಂತಲೂ ಇರುತ್ತದೆ. 2011ರ ಸಕಾಲ ಕಾಯ್ದೆ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆ ದುಡ್ಡು ದೊಡ್ಡದಲ್ಲ. ಆ ನಂಬರು ಕೈಯಲ್ಲಿದ್ದರೆ ನಮ್ಮ ಅರ್ಜಿ ಯಾರ ಮೇಜಿನ ಮೇಲಿದೆ ಅಂತ ನೇರವಾಗಿ ಕೇಳಬಹುದು, ಅದು ದೊಡ್ಡದು. ರಸೀದಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ.

ಮರಾಠಿ ಬರಲ್ಲ ಅಂತ ಸುಮ್ನೆ ಅಂಜಬೇಡಿ. ನಮ್ಮ ವಡಗಾವಿಯಲ್ಲಿ ಒಂದು ಗಲ್ಲಿಯಲ್ಲಿ ಕನ್ನಡ, ಪಕ್ಕದ ಗಲ್ಲಿಯಲ್ಲಿ ಮರಾಠಿ. ಮಾವನವರ ಮಂಚ ಮೊದಲ ಮಹಡಿಗೆ ಹೊತ್ತವರು ಮರಾಠಿ ಮಾತಾಡುವ ನೆರೆಮನೆಯ ಹುಡುಗರೇ. ಕಚೇರಿ, ದವಾಖಾನೆ ಎಲ್ಲ ಕಡೆ ಕನ್ನಡದಲ್ಲೇ ಕೆಲಸ ಆಗುತ್ತದೆ.

ನೆಹರೂ ನಗರದಿಂದ, ಫಿಸಿಯೋಥೆರಪಿ ಮಾಡುವವರು

ಅಕ್ಕಾ, ಬಿಮ್ಸ್‌ನಲ್ಲಿ ಫಿಸಿಯೋಥೆರಪಿ ವಿಭಾಗ ಇದೆ. ನೆಹರೂ ನಗರದಲ್ಲಿ ಕೆಎಲ್ಇ ಫಿಸಿಯೋಥೆರಪಿ ಕಾಲೇಜು ಕೂಡ ಇದೆ. ಮಹಾಂತೇಶ ನಗರದಿಂದ ಎರಡೂ ದೂರ ಅಲ್ಲ. ನಿಮ್ಮ ಬಿಪಿಎಲ್ ಕಾರ್ಡ್ ರಾಯಚೂರಿನದ್ದಾದರೂ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ರಾಜ್ಯದ ಎಲ್ಲ ಕಡೆ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ದೊಡ್ಡ ಚಿಕಿತ್ಸೆ ಬೇಕಾದರೆ ಮೊದಲು ಸರಕಾರಿ ದವಾಖಾನೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆ ಬರೆದುಕೊಡುತ್ತಾರೆ. ತುರ್ತು ಇದ್ದಾಗ ಈ ಚೀಟಿ ಕಾಯಬೇಕಿಲ್ಲ.

ಕೇಂದ್ರಕ್ಕೆ ವಾರಕ್ಕೆ ಎರಡು ಸಲ ಬಂದರೂ ಉಳಿದ ಐದು ದಿನ ಮನೆಯಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಅಪ್ಪ ಎಷ್ಟು ಸುಧಾರಿಸುತ್ತಾರೆ ಅನ್ನುವುದು ನಿಂತಿದೆ. ಮೊದಲ ದಿನವೇ ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ಮಾಡಿಕೊಳ್ಳಲು ಅನುಮತಿ ಕೇಳಿ. ಒಂದೇ ಸಲ ಒಂದು ಗಂಟೆ ದಣಿಸುವುದಕ್ಕಿಂತ ದಿನಕ್ಕೆ ನಾಲ್ಕು ಸಲ ಹದಿನೈದು ನಿಮಿಷ ಮಾಡಿಸಿ.

ನಾನು ಮನೆಗಳಿಗೆ ಹೋದಾಗ ಪದೇ ಪದೇ ನೋಡುವ ತಪ್ಪು ಒಂದಿದೆ. ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುತ್ತಾರೆ, ಇಲ್ಲವೇ ಕಂಕುಳಲ್ಲಿ ಕೈಹಾಕಿ ಎತ್ತುತ್ತಾರೆ. ಭುಜದ ಕೀಲು ಜಾರಿಬಿಡುತ್ತದೆ. ಆಮೇಲೆ ನೋವು ತಿಂಗಳುಗಟ್ಟಲೆ ಹೋಗಲ್ಲ, ನೋವಿಗೆ ಹೆದರಿ ಅವರು ವ್ಯಾಯಾಮವನ್ನೇ ಬಿಡುತ್ತಾರೆ. ಸೊಂಟದ ಹತ್ತಿರ ಹಿಡಿದು ಎಬ್ಬಿಸುವುದನ್ನು ಅವ್ವನಿಗೂ ಕಲಿಸಿ. ಬೇಕಾದರೆ ಅಗಲವಾದ ಬಟ್ಟೆಯ ಪಟ್ಟಿ ಸೊಂಟಕ್ಕೆ ಕಟ್ಟಿ ಹಿಡಿಯಬಹುದು. ಹಾಸಿಗೆಯಲ್ಲೇ ಜಾಸ್ತಿ ಹೊತ್ತು ಇರುವವರಾದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು ಏಳುತ್ತದೆ.

ಮಾತಿಗೆ: ಪೇಪರಿನ ತಲೆಬರಹಗಳನ್ನು ದಿನಾ ಗಟ್ಟಿಯಾಗಿ ಓದಿಸಿ. ಅವರು ಒಂದು ಮಾತು ಹೇಳಲು ತಡವರಿಸಿದಾಗ ನೀವೇ ಮುಗಿಸಿಬಿಡಬೇಡಿ. ಕಾಯಿರಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ಹೇಳಿ.

ಇದನ್ನು ಓದುತ್ತಿರುವ ಎಲ್ಲರಿಗೂ: ಬಾಯಿ ಓರೆಯಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದೇ ನಿಮಿಷ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ತಾಸು ಮಾತ್ರ ಇರುತ್ತದೆ. ಎಣ್ಣೆ ತಿಕ್ಕಿ ನೋಡೋಣ, ಬೆಳಗಾಗಲಿ ಅಂತ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಟಿಳಕವಾಡಿಯಿಂದ, ನಿವೃತ್ತ ಬ್ಯಾಂಕ್ ನೌಕರ

ನೋಡವ್ವಾ, ಬ್ಯಾಂಕಿನ ವಿಷಯಕ್ಕೆ ಮಾತ್ರ ಹೇಳುತ್ತೇನೆ, ಅದು ನನಗೆ ಗೊತ್ತಿರುವ ಕೆಲಸ.

ಸಹಿ ಬರದಿದ್ದರೆ ದುಡ್ಡು ಸಿಗಲ್ಲ ಅನ್ನುವುದು ತಪ್ಪು. ಹೆಬ್ಬೆಟ್ಟಿನ ಗುರುತು ಸಾಕು. ಕೈಯ ಹೆಬ್ಬೆಟ್ಟು ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿ ಆಗಿರಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಇನ್ನೊಂದು, 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಬ್ಯಾಂಕು ಮನೆ ಬಾಗಿಲಿಗೆ ಬಂದು ಸೇವೆ ಕೊಡಲು ಏರ್ಪಾಡು ಮಾಡಬೇಕು ಅಂತ 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಅಪ್ಪನಿಗೆ 68 ಇರಬಹುದು, ಆದರೆ ಅವರ ಸ್ಥಿತಿಯ ಆಧಾರದ ಮೇಲೆ ಕೇಳಿ. ಡಾಕ್ಟರ್ ಚೀಟಿ ಜೊತೆಗಿಡಿ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ನೀವು ಮೊದಲು ಮಾಡಬೇಕಾದದ್ದು, ಅದೇ ಬ್ಯಾಂಕಿನ ಬೆಳಗಾವಿ ಶಾಖೆಗೆ ಖಾತೆ ವರ್ಗ ಮಾಡಿಸುವುದು. ಊರಿನ ಶಾಖೆಯವರು ಇಲ್ಲಿಗೆ ಬರಲು ಆಗುವುದಿಲ್ಲ ಅಲ್ವಾ? ಜೊತೆಗೆ ಅವ್ವನ ಹೆಸರು ಸೇರಿಸಿ ಜಂಟಿ ಖಾತೆ ಮಾಡಿ, ನಾಮಿನಿ ಯಾರು ಅಂತ ಪರೀಕ್ಷಿಸಿ. ಎಟಿಎಂ ಕಾರ್ಡಿನ ಪಿನ್ ಪಡೆದು ಮಕ್ಕಳೇ ತೆಗೆದುಕೊಳ್ಳುವ ರೂಢಿ ಎಲ್ಲ ಮನೆಯಲ್ಲೂ ಇದೆ. ನಾನು ಬೇಡ ಅನ್ನುತ್ತೇನೆ. ಅಪ್ಪನಿಗೆ ಬುದ್ಧಿ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ದುಡ್ಡು ಅವರದ್ದು. ಹೆಬ್ಬೆಟ್ಟು ಒತ್ತುವುದಾದರೂ ಅವರೇ ಒತ್ತಿ ತೆಗೆಯಲಿ. ಕೈಕಾಲು ಸೋತ ಮನುಷ್ಯನಿಗೆ ಅದು ಎಷ್ಟು ಬಲ ಕೊಡುತ್ತದೆ ಅಂತ ಕೌಂಟರಿನ ಒಳಗೆ ಕೂತು ನಾನು ಕಂಡಿದ್ದೇನೆ.

ಮುಂದೆ ಆಸ್ತಿ, ಪಾಲು ಅಂತ ಮನೆಯಲ್ಲಿ ಏನಾದರೂ ಮಾತು ಬಂದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಫೋನ್ 15100.

ಕ್ಯಾಂಪ್‌ನಿಂದ, ಮಾಜಿ ಸೈನಿಕ

ನಿಮ್ಮ ಅಪ್ಪ ಸೈನ್ಯದಲ್ಲಿ ಇರಲಿಲ್ಲ, ಸರಿ. ಆದರೆ ಬೆಳಗಾವಿಯಲ್ಲಿ ನಮ್ಮಂಥವರು ಬಹಳ ಇದ್ದಾರೆ, ಅವರ ಮನೆಯವರು ಓದಿದರೆ ಅಂತ ಬರೆಯುತ್ತಿದ್ದೇನೆ. ಮಾಜಿ ಸೈನಿಕರಿಗೆ ಮತ್ತು ಅವರನ್ನು ಅವಲಂಬಿಸಿದ ತಂದೆತಾಯಿಗೆ ಇಸಿಎಚ್ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಇಲ್ಲೇ ಇದೆ. ಕ್ಯಾಂಪ್‌ನಲ್ಲಿ ಮನೆ ಮಾಡುವವರಿಗೆ ಒಂದು ಮಾತು: ಇಲ್ಲಿನ ನೀರು, ಕಸ, ಮನೆ ಕರ ಎಲ್ಲ ಕ್ಯಾಂಟೋನ್ಮೆಂಟ್ ಬೋರ್ಡಿನದ್ದು, ಮಹಾನಗರ ಪಾಲಿಕೆಯದ್ದಲ್ಲ. ಸುಮ್ನೆ ಪಾಲಿಕೆಗೆ ಹೋಗಿ ದಿನ ಹಾಳು ಮಾಡಿಕೊಳ್ಳಬೇಡಿ.

ಬಾಗಲಕೋಟೆಯ ನವನಗರದಿಂದ

ಬೇರೆ ಊರಿನವಳು ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲರೂ ಅಪ್ಪನ ಬಗ್ಗೆ ಬರೆದಿದ್ದೀರಿ. ನಾನು ಅವ್ವನ ಬಗ್ಗೆ ಕೇಳಬೇಕು.

ನಮ್ಮ ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಾಗ ಎಲ್ಲರ ಕಣ್ಣೂ ಅಪ್ಪನ ಮೇಲೆ. ಅವ್ವ ರಾತ್ರಿ ನಾಲ್ಕು ಸಲ ಏಳುತ್ತಿದ್ದಳು. ಊಟ ಕಡಿಮೆ ಆಯಿತು. ಮಾತು ಕಡಿಮೆ ಆಯಿತು. ವಯಸ್ಸಾಯಿತು, ದಣಿವು ಅಂದುಕೊಂಡೆವು. ಒಂದು ದಿನ ರೊಟ್ಟಿ ಬಡಿಯುತ್ತಾ ಕೂತವಳು ಹಾಗೇ ಅಳಲು ಶುರು ಮಾಡಿದಳು. ನಿಲ್ಲಲೇ ಇಲ್ಲ. ಆಗ ನಾನು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹೆಣ್ಣುಮಗಳು ಅವ್ವನ ಜೊತೆ ಬಹಳ ಹೊತ್ತು ಮಾತಾಡಿದಳು. ಆಮೇಲೆ ದವಾಖಾನೆಯಲ್ಲಿ ಮಾನಸಿಕ ವಿಭಾಗದ ಡಾಕ್ಟರಿಗೆ ತೋರಿಸಿದೆವು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಇದಕ್ಕೇ ಕ್ಲಿನಿಕ್ ನಡೆಯುತ್ತದೆ. ಜಾಸ್ತಿ ತೊಂದರೆ ಇದ್ದರೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ.

ವಾರಕ್ಕೆ ಒಂದು ಮಧ್ಯಾಹ್ನ ಅವ್ವನಿಗೆ ಬಿಡುವು ಕೊಡಿ. ನೀವು ಅಥವಾ ನಿಮ್ಮ ಮನೆಯವರು ಅಪ್ಪನ ಹತ್ತಿರ ಇರಿ. ನಮ್ಮ ಅವ್ವ ಆಧಾರ್ ಕಾರ್ಡ್ ಹಿಡಿದು ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಾದಾಮಿಗೆ, ಬನಶಂಕರಿಗೆ ಹೋಗಿ ಬರುತ್ತಾಳೆ. ಹೋಗಿ ಬಂದ ದಿನ ಅವಳ ಮುಖವೇ ಬೇರೆ.

ನಮ್ಮ ಊರಿನವರು ಓದುತ್ತಿದ್ದರೆ: ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಊರು ನಮ್ಮದು. ಹಳೆ ಊರು, ವಿದ್ಯಾಗಿರಿ, ನವನಗರ ಅಂತ ಮೂರು ಭಾಗ. ನವನಗರದ ಸೆಕ್ಟರುಗಳ ಕೆಲಸಕ್ಕೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಹಳೆ ಊರಿಗೆ ನಗರಸಭೆ. ಕ್ಯಾಂಪ್‌ನ ಅಣ್ಣಾವರು ಹೇಳಿದ ಗೊಂದಲ ಇಲ್ಲಿಯೂ ಇದೆ.

ಖಾಸಬಾಗದಿಂದ

ವೈನಿ, ತಲೆ ಎತ್ತುವ ಮಂಚ, ವಾಕರ್, ಗಾಲಿ ಕುರ್ಚಿ ಹೊಸದಾಗಿ ಕೊಳ್ಳಬೇಡಿ. ನಿಮ್ಮ ಓಣಿಯ ಗಣೇಶೋತ್ಸವ ಮಂಡಳದ ಹುಡುಗರನ್ನು ಕೇಳಿ. ಅವರಿಗೆ ಯಾರ ಮನೆಯಲ್ಲಿ ಏನಿದೆ ಎಲ್ಲ ಗೊತ್ತು. ನಮ್ಮ ಅಜ್ಜಿಗೆ ಹಾಗೇ ಒಂದೇ ಸಂಜೆಯಲ್ಲಿ ಗಾಲಿ ಕುರ್ಚಿ ಸಿಕ್ಕಿತು. ರಕ್ತ ಬೇಕಾದಾಗಲೂ ಅವರೇ ಓಡಿ ಬಂದರು. ಪಾಲಿಕೆಯಲ್ಲಿ ಅಂಗವಿಕಲರಿಗೆ ಅಂತಲೇ ಶೇಕಡ 5ರಷ್ಟು ಅನುದಾನ ಎತ್ತಿಡುತ್ತಾರೆ. ಯುಡಿಐಡಿ ಕಾರ್ಡ್ ಬಂದ ಮೇಲೆ ನಿಮ್ಮ ವಾರ್ಡಿನ ಸದಸ್ಯರನ್ನು ಇದರ ಬಗ್ಗೆ ಕೇಳಿ. ಅದೇ ಕಾರ್ಡಿನ ಮೇಲೆ ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸ್ ಕೂಡ ಸಿಗುತ್ತದೆ, ಮನೆಯಿಂದ 100 ಕಿಲೋಮೀಟರ್‌ವರೆಗೆ.

ಎರಡು ಚಿಕ್ಕ ಮಾತು. ಊರಿನ ಮನೆಯ ಮೀಟರಿಗೆ ಗೃಹಜ್ಯೋತಿ ಜೋಡಿಸಿದ್ದರೆ ಅದನ್ನು ಬಿಡಿಸಿ ಇಲ್ಲಿನ ಬಾಡಿಗೆ ಮನೆಯ ಮೀಟರಿಗೆ ಜೋಡಿಸಿ, ಬಾಡಿಗೆದಾರರಿಗೂ ಸಿಗುತ್ತದೆ. ಇನ್ನು, ಕರೆಂಟ್ ಕಟ್ ಮಾಡುತ್ತೇವೆ, ಈ ಆ್ಯಪ್ ಹಾಕಿ ಅಂತ ಫೋನ್ ಬಂದರೆ ನಂಬಬೇಡಿ ಅಂತ ಮನೆಯ ಹಿರಿಯರಿಗೆ ಹೇಳಿಡಿ. ಹೆಸ್ಕಾಂ ನಂಬರು 1912, ಅಲ್ಲಿ ಕೇಳಿ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ದೂರಿನ ನಂಬರು 1930ಕ್ಕೆ ಫೋನ್ ಮಾಡಿ.

ಕೇಳಿದವರು, ಮಹಾಂತೇಶ ನಗರದಿಂದ, ಮೂರು ವಾರದ ನಂತರ

ಎಲ್ಲರಿಗೂ ಹೇಗೆ ಹೇಳಲಿ ತಿಳಿಯುತ್ತಿಲ್ಲ. ಆಗಿದ್ದನ್ನು ಬರೆಯುತ್ತೇನೆ.

ವಡಗಾವಿ ಅಕ್ಕ ಹೇಳಿದಂತೆ ಅಂಗನವಾಡಿಗೆ ಹೋದೆ. ಆಶಾ ಅಕ್ಕ ಮರುದಿನವೇ ಬಂದರು. ಅಪ್ಪನ ಬಿಪಿ ನೋಡಿದರು. ಜಾಸ್ತಿ ಇತ್ತು, ಡಾಕ್ಟರ್ ಗುಳಿಗೆ ಬದಲಿಸಿದ್ದಾರೆ. ಫಿಸಿಯೋಥೆರಪಿಗೆ ಮಂಗಳವಾರ, ಶುಕ್ರವಾರ ಹೋಗುತ್ತಿದ್ದೇವೆ. ನಾವೂ ಕಂಕುಳಲ್ಲಿ ಕೈಹಾಕಿಯೇ ಎತ್ತುತ್ತಿದ್ದೆವು. ಈಗ ಅವ್ವನ ಹಳೆ ಇಳಕಲ್ ಸೀರೆ ಮಡಚಿ ಅಪ್ಪನ ಸೊಂಟಕ್ಕೆ ಕಟ್ಟಿ ಹಿಡಿಯುತ್ತೇವೆ. ನಿನ್ನೆ ಅಡುಗೆ ಮನೆಯ ಬಾಗಿಲವರೆಗೆ ನಡೆದರು.

ಖಾತೆ ವರ್ಗಕ್ಕೆ ಅರ್ಜಿ ಕೊಟ್ಟಿದ್ದೇವೆ. ಇಲ್ಲಿನ ಶಾಖೆಯ ಅಧಿಕಾರಿ ಗುರುವಾರ ಮನೆಗೆ ಬರುತ್ತೇನೆ ಅಂದಿದ್ದಾರೆ. ಅಪ್ಪ ಎಡಗೈ ಹೆಬ್ಬೆಟ್ಟನ್ನು ತೋರಿಸಿ, ಇದು ಗಟ್ಟಿ ಇದೆ ಅಂತ ಹೇಳಿದರು. ತೊದಲಿದರು, ಆದರೆ ಪೂರ್ತಿ ಹೇಳಿದರು, ನಾವು ಕಾದೆವು.

ರೇಷನ್‌ಗೆ ಊರಿಗೆ ಹೋಗಬೇಕಿಲ್ಲ ಅಂತ ತಿಳಿಯಿತು. ಅವ್ವ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳು ಒತ್ತಿ ಅಕ್ಕಿ ತಂದಳು. ಬಾಗಲಕೋಟೆ ಅಕ್ಕಾ, ನೀವು ಬರೆದದ್ದನ್ನು ಓದಿ ಅವತ್ತು ರಾತ್ರಿ ಅವ್ವನ ಹತ್ತಿರ ಕೂತೆ. ನನಗೂ ಊರಿಗೆ ಒಮ್ಮೆ ಹೋಗಿ ಬರಬೇಕು ಅನಿಸುತ್ತಿದೆ ಅಂದಳು. ಮುಂದಿನ ವಾರ ಕಳಿಸುತ್ತಿದ್ದೇವೆ.

ಉಳಿದದ್ದು ಸಂಧ್ಯಾ ಸುರಕ್ಷಾ. ಪಾಸ್‌ಬುಕ್ ನೋಡಿದೆ, ಊರಿನಲ್ಲಿ ಬರುತ್ತಿರಲಿಲ್ಲ. ತಹಶೀಲ್ದಾರ್ ಕಚೇರಿಗೆ ಒಬ್ಬಳೇ ಹೋಗಲು ಇನ್ನೂ ಧೈರ್ಯ ಬರುತ್ತಿಲ್ಲ. ಮನೆಯವರಿಗೆ ಆ ವಾರ ಹಗಲು ಪಾಳಿ.

ವಡಗಾವಿಯಿಂದ, ಶಿಕ್ಷಕಿ

ಸೋಮವಾರ ಶಾಲೆಗೆ ರಜೆ ಇದೆ. ನಮ್ಮ ಅವ್ವನ ಆದಾಯ ಪ್ರಮಾಣಪತ್ರಕ್ಕೆ ನಾನೂ ಅಲ್ಲಿಗೇ ಹೋಗಬೇಕು. ಹತ್ತೂವರೆಗೆ ರಿಸಾಲ್ದಾರ್ ಗಲ್ಲಿಗೆ ಬನ್ನಿ, ಗೇಟಿನ ಹತ್ತಿರ ಇರುತ್ತೇನೆ. ಹಸಿರು ಫೈಲ್ ಹಿಡಿದಿರುತ್ತೇನೆ. ಅಪ್ಪನ ಎರಡು ಫೋಟೋ ಮರೆಯಬೇಡಿ, ಬಾಡಿಗೆ ಕರಾರಿನ ಝೆರಾಕ್ಸ್ ಕೂಡ ತನ್ನಿ.